ಫೆರಾರಿಯ ದಾಯಾದಿಯೂ ಅತ್ತೆಯವರ ಮಂಡಿಯೂ

ಫ್ರಾನ್ಸಿನ ಟೂಲೂಸ್ ನಗರದ ವಿಮಾನೋದ್ಯಮದಲ್ಲಿ ದುಡಿಯುವ ಕನ್ನಡ ಎಂಜಿನಿಯರುಗಳ ಮನೆಗಳಲ್ಲಿ ಕಾರಿನ ಬಗ್ಗೆ ನಡೆಯುವ ವಾಗ್ವಾದಗಳನ್ನು ಪರಿಶೀಲಿಸಿದರೆ, ಯಜಮಾನರು ಮಂಡಿಸುವ ವಾದಗಳಲ್ಲೆಲ್ಲ ಅತ್ಯಂತ ಪಾಂಡಿತ್ಯಪೂರ್ಣವಾದುದು ಹಳೆಯ ಪ್ಯೂಜೊ 406 ಕೂಪೆಯ ಪರವಾದದ್ದೆಂದು ಒಪ್ಪಬೇಕಾಗುತ್ತದೆ. ಕೂಪೆಯೆಂದರೆ ಎರಡೇ ಬಾಗಿಲುಗಳುಳ್ಳ, ಚಾವಣಿ ಹಿಂದಕ್ಕೆ ಇಳಿಜಾರಾಗಿರುವ ಕಾರು. ಯಜಮಾನರು ಇದರೊಂದಿಗೆ ಹೋಲಿಸುವ ಸೂಪರ್‌ಕಾರ್ ಎಂದರೆ ವೇಗ, ಚೆಲುವು, ಸದ್ದುಗಳಿಗಾಗಿ ಉಪಯೋಗವನ್ನೂ ಉಳಿತಾಯವನ್ನೂ ಒಟ್ಟಿಗೇ ಕೈಬಿಟ್ಟ ಕಾರು. ಎರಡನೆಯದಕ್ಕೆ 1996ರ ಫೆರಾರಿ 550 ಮರನೆಲ್ಲೊ ಒಳ್ಳೆಯ ನಿದರ್ಶನ: ಹನ್ನೆರಡು ಸಿಲಿಂಡರ್, 485 ಅಶ್ವಶಕ್ತಿ, ಗಂಟೆಗೆ 320 ಕಿ.ಮೀ.

ಯಜಮಾನರ ವಾದಕ್ಕೆ ಆಧಾರ ಟುರಿನ್ನಿನ ಪಿನಿನ್‌ಫರೀನಾ, ಅಂದರೆ ಬತ್ತಿಸ್ತಾ ಫರೀನಾ 1930ರಲ್ಲಿ ಸ್ಥಾಪಿಸಿದ, ಬೇರೆ ಕಂಪನಿಗಳ ಕಾರುಗಳಿಗೆ ಮೈಕಟ್ಟು ರೂಪಿಸುವ ಸಂಸ್ಥೆ. ಮರನೆಲ್ಲೊವಿಗೆ ರೂಪ ಕೊಟ್ಟ ಈ ಸಂಸ್ಥೆಯೇ 406 ಕೂಪೆಯನ್ನು ವಿನ್ಯಾಸ ಮಾಡಿ, ತನ್ನ ಕಾರ್ಖಾನೆಯಲ್ಲೇ ತಯಾರಿಸಿತಾದ್ದರಿಂದ, ಪ್ಯೂಜೊ ಫೆರಾರಿಯ ದಾಯಾದಿಯೆಂದೂ, ಆಸ್ತಿ ಭಾಗವಾಗುವಾಗ ಅದಕ್ಕೆ ಎಂಜಿನ್ ಮಾತ್ರ ಕಡಿಮೆ ಬಂತೆಂದೂ ಅವರು ಸಾಧಿಸುತ್ತಾರೆ. ಕಾರಿನ ಪಕ್ಕದಲ್ಲಿ ಅಂಟಿಸಿರುವ ಪಿನಿನ್‌ಫರೀನಾ ಎಂಬ ಪುಟ್ಟ ಪಟ್ಟಿಯನ್ನು ಕುಕ್ಕರಗಾಲಲ್ಲಿ ಕೂತು ಓದಿದ ಹೊರತು ಅತಿಥಿಗಳಿಗೆ ಕಾಫಿ ಸಿಗುವುದಿಲ್ಲ. ಪ್ಯೂಜೊ ಮನೆತನವು ಕಾರಿಗಿಂತ ಬಹಳ ಮೊದಲು, 1840ರಲ್ಲೇ, ಕಾಫಿಬೀಜ ಪುಡಿಮಾಡುವ ಕೈಯಂತ್ರಗಳನ್ನು ತಯಾರಿಸಿತ್ತೆಂಬ ಸಂಗತಿ ಮಾತ್ರ ಈ ಪ್ರವಚನದಲ್ಲಿ ಬಿಟ್ಟುಹೋಗುತ್ತದೆ. ಚಿಕ್ಕಮಗಳೂರಿನ ಕಡೆಯ ಅತಿಥಿಗಳಿಗೆ ಫೆರಾರಿಯ ನಂಟಿಗಿಂತ ಈ ವಂಶಾವಳಿಯೇ ಹೆಚ್ಚು ಗೌರವದ್ದಾಗಿ ಕಂಡೀತು.

ಅಶ್ವಶಕ್ತಿಯ ವ್ಯತ್ಯಾಸದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಆರು ಸಿಲಿಂಡರಿನ 406ರಲ್ಲಿ ಸುಮಾರು 190 ಅಶ್ವಶಕ್ತಿಯಷ್ಟೇ ಇದ್ದರೂ, ಫ್ರಾನ್ಸಿನ ಹೆದ್ದಾರಿಗಳಲ್ಲಿ ವೇಗದ ಮಿತಿ 130 ಕಿ.ಮೀ., ಮಳೆ ಬಂದರೆ 110 ಆಗಿರುವುದರಿಂದ, ಕಾನೂನಿನ ಮುಂದೆ ದಾಯಾದಿಗಳಿಬ್ಬರೂ ಸಮಾನರು.

ನಿಜವಾದ ತಾರತಮ್ಯ ಇರುವುದು ಹಿಂಬದಿಯಲ್ಲಿ. ಮರನೆಲ್ಲೊದಲ್ಲಿ ಹಿಂದಿನ ಸೀಟೇ ಇಲ್ಲ, ಸಾಮಾನಿಡಲು ಒಂದು ಜಾಗವಿದೆ, ಅಷ್ಟೆ. ಆದ್ದರಿಂದ ಅತ್ತೆಯವರ ಪ್ರಶ್ನೆಯೇ ಅಲ್ಲಿ ಉದ್ಭವಿಸುವುದಿಲ್ಲ, ಮತ್ತು ಇದನ್ನು ದೋಷಗಳ ಪಟ್ಟಿಗೆ ಸೇರಿಸಲು ಎಲ್ಲ ಸೊಸೆಯರೂ ಒಪ್ಪುವರೆಂದು ಹೇಳಲಾಗದು. 406ರಲ್ಲಾದರೋ ನಾಲ್ಕು ಸೀಟುಗಳಿವೆ, ಹಿಂದಿನವಕ್ಕೆ ಬಾಗಿಲಿಲ್ಲ. ರಾಜ್ಯೋತ್ಸವಕ್ಕೆ ಹೊರಟ ದಿನ ಮುಂದಿನ ಸೀಟನ್ನು ಬಗ್ಗಿಸಿ, ರೇಷ್ಮೆ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿಹಿಡಿದು, ಮೊದಲು ಬಲಗಾಲೋ ತಲೆಯೋ ಎಂಬುದನ್ನು ಇತ್ಯರ್ಥಪಡಿಸಿಕೊಂಡು, ಸೀಟ್‌ಬೆಲ್ಟಿಗೆ ಸಿಕ್ಕ ಸೆರಗನ್ನು ಬಿಡಿಸಿಕೊಂಡು ಅತ್ತೆಯವರು ಒಳಸೇರುವಷ್ಟರಲ್ಲಿ ಬಿಸಿಬೇಳೆಬಾತ್ ತಣ್ಣಗಾಗಿರುತ್ತದೆ. ಅದರ ಪಾತ್ರೆಯೂ ಕೊನೆಗೆ ಅವರ ತೊಡೆಯ ಮೇಲೆಯೇ ಬರುತ್ತದೆ. "ಇಷ್ಟು ದುಡ್ಡು ಕೊಟ್ಟವರಿಗೆ ಇನ್ನೆರಡು ಬಾಗಿಲು ಹಾಕಿಕೊಡಬಾರದಿತ್ತೇನಪ್ಪ?" ಎಂಬ ಅವರ ಪ್ರಶ್ನೆಗೆ ಪಿನಿನ್‌ಫರೀನಾದ ಹೆಸರು ಉತ್ತರವಾಗುವುದಿಲ್ಲ.

ಹಳೆಯ ಕೂಪೆ ಕೊಳ್ಳಹೊರಟ ಕನ್ನಡಿಗರು ಮೆಕ್ಯಾನಿಕ್ಕಿಗಿಂತ ಮೊದಲು ಅತ್ತೆಯವರನ್ನು ಕರೆದೊಯ್ದು, ಹಿಂದಿನ ಸೀಟಿನಲ್ಲಿ ಕೂರಿಸಿ ನೋಡಬೇಕು; ಕೂರಿಸಿದ ಮೇಲೆ ಇಳಿಸಿಯೂ ನೋಡಬೇಕು.