ಧಾರವಾಡಕ್ಕೆ ಕಳಿಸಿ!

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯವರು ಧಾರವಾಡಕ್ಕೆ ಹೊರಟರೆ ನೋಡಿದವರಿಗೆ ಎರಡೇ ಅನುಮಾನ: ಹೈಕೋರ್ಟಿನಲ್ಲಿ ಅಪೀಲೋ, ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಯಲ್ಲಿ ತಲೆ ತೋರಿಸುವುದೋ? (ಪೇಡೆ ತರುವವರನ್ನು ಬಿಡಿ.) ಎರಡೂ ಒಂದೇ ಊರಿನಲ್ಲಿವೆ. ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟಲು ಮಾತ್ರ ಕೆಲವೊಮ್ಮೆ ದಿಲ್ಲಿ ಸುತ್ತಿ ಬರಬೇಕು.

ಹಂಪಿಯ ರಥಬೀದಿಯಲ್ಲಿ ತನ್ನಷ್ಟಕ್ಕೆ ಮಾತಾಡಿಕೊಂಡು ತಿರುಗುವವನೊಬ್ಬನನ್ನು ಪಿಟಿ ಕೇಸಿನಲ್ಲಿ ಹಿಡಿದು ತಂದರು ಎನ್ನಿ. ಅಂಥವನನ್ನು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಪೊಲೀಸರಿಗೆ ಹೇಳುತ್ತದೆ. ಆದರೆ ಕೋರ್ಟೇ ಹತ್ತಿರ ಕಂಡಿತು.

‘ತಪ್ಪು ಒಪ್ಕೋತೀಯೇನಪ್ಪಾ?’

‘ಹ್ಞೂಂರಿ ಸಾಹೇಬ್ರ.’

ಚಹಾ ಬೇಕಾ ಎಂದರೂ ಹ್ಞೂಂ, ವಿರೂಪಾಕ್ಷ ಗೋಪುರ ಕಟ್ಟಿಸಿದ್ದು ನೀನೇನಾ ಎಂದರೂ ಹ್ಞೂಂ. ದಂಡ ಬರಕೊಳ್ಳಿ, ಮುಂದಿನ ಕೇಸು ಕೂಗಿ! ಒಪ್ಪಿಕೊಂಡವನಿಗೆ ನಾಗರಿಕ ಸುರಕ್ಷಾ ಸಂಹಿತೆಯ 416ನೇ ಕಲಂ ಅಪೀಲಿನ ಬಾಗಿಲನ್ನು ಮುಕ್ಕಾಲು ಮುಚ್ಚುತ್ತದೆ. ಶಿಕ್ಷೆ ಜಾಸ್ತಿಯಾಯಿತು, ಅದು ಕಾನೂನಿಗೆ ಹೊಂದುವುದಿಲ್ಲ ಎನ್ನಬಹುದು, ಅಷ್ಟೇ. ಆರೋಪಿಯ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಕಂಡುಬಂದರೆ ಮೊದಲು ಅದನ್ನೇ ವಿಚಾರಿಸಬೇಕೆಂಬ ಕಲಮೂ ಇದೆ. ಕಂಡುಬರಬೇಕಲ್ಲ! ಅದಕ್ಕೆ ಫೈಲಿನಿಂದ ತಲೆ ಎತ್ತಬೇಕು.

ಸಣ್ಣ ಕೇಸು ಹಾಳಾಗಲಿ. 2017ರ ಫೆಬ್ರುವರಿಯಲ್ಲಿ ಕಂಪ್ಲಿ ಸೀಮೆಯಲ್ಲಿ ಒಬ್ಬ ತನ್ನ ಹೆಂಡತಿ, ನಾದಿನಿ, ಮೂರು ಮಕ್ಕಳನ್ನು ಕೊಂದ. ಆ ಕೃತ್ಯಕ್ಕೆ ಯಾವ ಸಮಜಾಯಿಷಿಯೂ ಇಲ್ಲ. 2019ರಲ್ಲಿ ಬಳ್ಳಾರಿ ಸೆಷನ್ಸ್ ಕೋರ್ಟು ಗಲ್ಲು ವಿಧಿಸಿತು. ಗಲ್ಲು ಕೊಡುವ ಮುನ್ನ ಮನೋವೈದ್ಯರ ವರದಿ ತರಿಸಿ, ಅದೂ ವಿಚಾರಣಾ ಕೋರ್ಟಿನ ಹಂತದಲ್ಲೇ ತರಿಸಿ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಮನೋಜ್ ಪ್ರಕರಣದಲ್ಲಿ ಹೇಳಿತು. 2023ರ ಮೇನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಗಲ್ಲನ್ನೇ ಖಾಯಂ ಮಾಡಿತು. ನೇಣಿಗೇರುವವನ ತೂಕ ನೋಡಿ ಹಗ್ಗ ಅಳೆಯಲು ನಮ್ಮಲ್ಲಿ ಪಕ್ಕಾ ಲೆಕ್ಕವಿದೆ; ತಲೆಯೊಳಗಿನ ಭಾರಕ್ಕೆ ತಕ್ಕಡಿ ಸಿಕ್ಕಿದ್ದು 2025ರ ಜುಲೈನಲ್ಲಿ, ದಿಲ್ಲಿಯಲ್ಲಿ. ತಾಯ್ತಂದೆಯರ ಪ್ರೀತಿ ಕಾಣದ ಬಾಲ್ಯ, ಅರ್ಧಕ್ಕೆ ನಿಂತ ಓದು, ಜೈಲಿನಲ್ಲಿ ಆತ್ಮಹತ್ಯೆಯ ಯತ್ನ. ಇವನ್ನೆಲ್ಲ ಕೆಳಗಿನ ಕೋರ್ಟುಗಳು ಪೂರ್ತಿ ತೂಗಲಿಲ್ಲ ಎಂದು ಸುಪ್ರೀಂ ಕೋರ್ಟು ಗಲ್ಲು ತಪ್ಪಿಸಿತು.

ಮನಸ್ಸು ನೋಡಿದರೆ ಪಾತಕಿ ಮನೆಗೆ ಹೋಗಿಬಿಡುತ್ತಾನೆಂದು ಕಟ್ಟೆಯ ಮೇಲೆ ಕೂತು ಕಂಗಾಲಾಗುವವರು ನಿಶ್ಚಿಂತೆಯಿಂದಿರಲಿ. ಇವನಿಗೆ ಕೊನೆಯುಸಿರಿನ ತನಕ ಜೈಲೇ. ಅಲ್ಲಿಗೆ ಮನೋವೈದ್ಯರು ಯಾವ ವಾರ ಬರುತ್ತಾರೆಂಬುದನ್ನು ಬೇಕಾದರೆ ಮುಂದಿನ ಅಪೀಲಿನಲ್ಲಿ ಕೇಳೋಣ.