ಮಾರ್ಗಪರೀಕ್ಷಕರು

ಜಮಖಂಡಿಯಿಂದ ಮುಧೋಳಕ್ಕೂ ಮುಧೋಳದಿಂದ ಬೀಳಗಿಗೂ ಹೋಗುವ ಹಾದಿಗಳನ್ನು ಬಾಲ್ಯದಿಂದಲೇ ಬಲ್ಲವರಾಗಿ, ಎಲ್ಲಿ ತಗ್ಗು, ಎಲ್ಲಿ ಉಬ್ಬು, ಯಾವ ತಿರುವಿನಲ್ಲಿ ಯಾರ ಮನೆಯ ನಾಯಿ ಬೆನ್ನಟ್ಟುವುದು (ಮುಧೋಳದ ನಾಯಿಯಾದರೆ ಬುಲೆಟ್ಟಿನ ವೇಗವೂ ಸಾಲದು) ಎಂಬುದನ್ನೆಲ್ಲ ಕಣ್ಣು ಮುಚ್ಚಿ ಹೇಳಬಲ್ಲ ಮಹನೀಯರೇ ದಾರಿ ತೋರಿಸುವ ಯಂತ್ರಗಳಿಗಾಗಿ ಎಲ್ಲರಿಗಿಂತ ಹೆಚ್ಚು ಹಣ ಸುರಿಯುವರೆಂಬ ಸಂಗತಿಯನ್ನು ಅರ್ಥಶಾಸ್ತ್ರಜ್ಞರು ಇನ್ನೂ ಲಕ್ಷ್ಯಕ್ಕೆ ತಂದುಕೊಂಡಂತಿಲ್ಲ. ಇಂಥವರು ನಮ್ಮ ಸೀಮೆಯಲ್ಲಿ ಊರಿಗೊಬ್ಬರಾದರೂ ಉಂಟು. ಕಬ್ಬಿನ ಬಿಲ್ಲು ಬಂದ ವಾರ ಅವರ ಬುಲೆಟ್ಟಿನ ಹ್ಯಾಂಡಲ್ಲಿಗೆ ಹೊಸದೊಂದು ಹೋಲ್ಡರು ಅಂಟಿಕೊಳ್ಳುತ್ತದೆ. ಎಡಕ್ಕೆ ಮೊಬೈಲು, ನಡುವೆ ಜಿಪಿಎಸ್ಸು, ಬಲಕ್ಕೆ ಅದನ್ನು ಪರೀಕ್ಷಿಸಲು ಇನ್ನೊಂದು ಜಿಪಿಎಸ್ಸು. ವೇಗದ ಮುಳ್ಳು ಮಾತ್ರ ಇವುಗಳ ಮರೆಯಲ್ಲಿ ಎಲ್ಲಿಯೋ ಅಜ್ಞಾತವಾಸದಲ್ಲಿರುತ್ತದೆ.

ಮೊಬೈಲೊಂದೇ ಸಾಲದೇ ಎಂದು ಮನೆಯವರು ಕೇಳಿದರೆ ಅದಕ್ಕೆ ಪ್ರಮಾಣವಚನ ಸಿದ್ಧವಾಗಿದೆ. ದೊಡ್ಡ ಮೋಟಾರ್ ಸೈಕಲ್ಲುಗಳ ಕಂಪನದಿಂದ ಫೋನಿನ ಕ್ಯಾಮೆರಾ ಕೆಡಬಹುದೆಂದು ಆಪಲ್ ಕಂಪನಿಯವರೇ 2021ರಲ್ಲಿ ಎಚ್ಚರಿಸಿದ್ದಾರೆ. ಸಂಸಾರದ ನ್ಯಾಯಾಸನದ ಮುಂದೆ ಮಂಡಿಸಲು ಇದಕ್ಕಿಂತ ಪ್ರಬಲವಾದ ಸಾಕ್ಷಿ ಯಾರಿಗೆ ದೊರೆತೀತು? ಬೈಕಿಗೆಂದೇ ಗಾರ್ಮಿನ್‌ನವರು ಮಾಡುವ ಜೂಮೊ ಎಂಬ ಯಂತ್ರವು ಕೈಗವಸು ಧರಿಸಿದ ಬೆರಳಿಗೂ ಓಗೊಡುವುದೆಂದು ಓದಿದಂದಿನಿಂದ, ಬೇಸಿಗೆಯಲ್ಲಿ ಅಂಗಿಯೇ ಬೇಡವೆನಿಸುವ ಈ ಬಯಲುಸೀಮೆಯಲ್ಲಿ ಅವರು ಚರ್ಮದ ಕೈಗವಸು ತೊಟ್ಟು ಓಡಾಡತೊಡಗಿದರು. ಒಂದು ಮೀಟರು ನೀರಿನೊಳಗೆ 30 ನಿಮಿಷ ಇಟ್ಟರೂ ಕೆಡದೆಂದು ಡಬ್ಬಿಯ ಮೇಲೆ ಅಚ್ಚಾಗಿದ್ದ ವಾಗ್ದಾನವನ್ನು ಮನೆಯ ತೊಟ್ಟಿಯಲ್ಲಿಯೇ ಒರೆಗೆ ಹಚ್ಚಿ, ಗಡಿಯಾರ ಹಿಡಿದು ಕುಳಿತಿದ್ದಾಗ ಒಳಗಿನಿಂದ ಧ್ವನಿ ಬಂದಿತು: “ಎಮ್ಮಿ ನೀರ ಕುಡ್ಯಾಕ ನಿಂತೈತಿ, ಮೊದಲ ನಿಮ್ಮ ಡಬ್ಬಿ ತಗೀರಿ.” ಶಾಸ್ತ್ರೀಯ ಪ್ರಯೋಗವು ಹನ್ನೆರಡನೆಯ ನಿಮಿಷಕ್ಕೆ ಸಮಾಪ್ತವಾಯಿತು.

ಚಹದಂಗಡಿಯಲ್ಲಿ ಅವರ ಪಾಂಡಿತ್ಯಕ್ಕೆ ಎಮ್ಮೆಯ ಅಡ್ಡಿಯಿಲ್ಲ. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಸಿಗದೆ ಸ್ಥಳ ಖಚಿತವಾಗದೆಂಬುದನ್ನೂ, ಐನ್‌ಸ್ಟೈನರ ಸಿದ್ಧಾಂತವನ್ನು ಅನುಸರಿಸಿ ದಿನಕ್ಕೆ 38 ಮೈಕ್ರೋಸೆಕೆಂಡುಗಳಷ್ಟು ಗಡಿಯಾರವನ್ನು ತಿದ್ದದೆ ಹೋದರೆ ಲೆಕ್ಕವೆಲ್ಲ ಹಳ್ಳ ಹಿಡಿಯುವುದೆಂಬುದನ್ನೂ, ಅಮೇರಿಕೆಯವರು ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದರೆಂಬುದನ್ನೂ ಅವರು ಬಸ್ಸು ತಪ್ಪುವವರೆಗೆ ವಿವರಿಸಬಲ್ಲರು. ಅಂಗಡಿಗೆ ಹೋದರೆ, 2013ರಲ್ಲಿ ಮೊದಲ ಉಪಗ್ರಹವನ್ನು ಕಂಡ ನಮ್ಮ ದೇಶದ ವ್ಯವಸ್ಥೆಯನ್ನು ನೆನೆದು, “ಇದರಾಗ ನಾವಿಕ್ ಹಿಡೀತೈತೇನು?” ಎಂದು ಕೇಳಿಯೇ ಬೆಲೆ ಕೇಳುವರು.

ಆದರೆ ಅವರ ನಿಜವಾದ ಆನಂದವಿರುವುದು ಕೊಳ್ಳುವುದರಲ್ಲಿ ಅಲ್ಲ, ಯಂತ್ರವನ್ನು ತಪ್ಪಿನಲ್ಲಿ ಹಿಡಿಯುವುದರಲ್ಲಿ. ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೇಳುವುದು ಪರೀಕ್ಷಕನ ಸ್ವಧರ್ಮವಷ್ಟೆ? ಅದರಂತೆ ಅವರು ಬನಹಟ್ಟಿಯ ಓಣಿಗಳಲ್ಲಿ, ಪವರ್‌ಲೂಮುಗಳ ಖಟಖಟದೊಳಗೆ ಯಂತ್ರದ ಧ್ವನಿ ಕೇಳುವುದೇ ಎಂದು ನೋಡಿದರು, ಕೇಳಲಿಲ್ಲ. ಕಾರ್ಖಾನೆ ಶುರುವಾದ ಮೇಲೆ ಜೋಡಿ ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ, ಅದರ ಧ್ವನಿವರ್ಧಕದಿಂದ ಹೊರಟ ಜಾನಪದ ಗೀತೆಗಳನ್ನೆಲ್ಲ ಕೇಳುತ್ತ, ಊರು ಸೇರುವ ಸಮಯವನ್ನು ಯಂತ್ರವು ಕ್ಷಣಕ್ಷಣಕ್ಕೆ ಮುಂದೂಡುವುದನ್ನು ಕಂಡು ಹಿಗ್ಗಿದರು. ಮಳೆಗಾಲದಲ್ಲಿ ಹಿಡಕಲ್ ಜಲಾಶಯದಿಂದ ನೀರು ಬಿಟ್ಟು ಘಟಪ್ರಭೆಯು ಮುಧೋಳ-ಯಾದವಾಡ ಸೇತುವೆಯನ್ನು ನುಂಗಿದ ದಿನವಂತೂ ಅವರಿಗೆ ಹಬ್ಬ. ಹೊಳೆಯ ದಂಡೆಗೆ ಹೋಗಿ ನಿಂತು, ‘ನೇರವಾಗಿ ಮುಂದುವರಿಯಿರಿ’ ಎಂದು ಯಂತ್ರ ನುಡಿದದ್ದನ್ನು ನೆರೆ ನೋಡಲು ಬಂದವರಿಗೆಲ್ಲ ಕೇಳಿಸಿದರು. ಆಲಮಟ್ಟಿಯ ಹಿನ್ನೀರಿನಿಂದ ಊರುಗಳೇ ಎದ್ದು ಪುನರ್ವಸತಿ ಕೇಂದ್ರಗಳಿಗೆ ಹೋದ ಬೀಳಗಿ ತಾಲೂಕಿನಲ್ಲಿ, ಅದೇ ಹೆಸರಿನ ಹಳೆಯ ಊರಿಗೋ ಹೊಸ ಊರಿಗೋ ಒಯ್ಯುವುದೆಂಬ ಕಠಿಣ ಪ್ರಶ್ನೆಯನ್ನೊಡ್ಡಿದಾಗ ಅದು ಅವರನ್ನು ಚಕ್ಕಡಿದಾರಿಗೆ ಹಚ್ಚಿ ಕಬ್ಬಿನ ಪಡದ ನಟ್ಟನಡುವೆ ತಂದು ನಿಲ್ಲಿಸಿತು. ನೀರು ಹಾಯಿಸುತ್ತಿದ್ದ ತರುಣನು ಕನಿಕರದಿಂದ, “ಯಾಕ್ರಿ ಸಾವ್ಕಾರ್ರ, ದಾರಿ ತಪ್ಪೀರೇನು?” ಎಂದ.

“ನಾ ತಪ್ಪಿಲ್ಲೋ ತಮ್ಮಾ, ಇದು ತಪ್ಪೇತಿ. ಎಲ್ಲೀತನಕ ತಪ್ಪತೈತಿ ನೋಡೂಣಂತ ಸಂಗಾಟ ಬಂದೇನಿ.”

ಹೀಗಿರಲು, ಪುಣೆಯಲ್ಲಿ ಬೀಗರ ಮನೆಯ ಮದುವೆ ಒದಗಿತು. ಕಡೆಗೂ ಯಂತ್ರಗಳಿಗೆ ಉದ್ಯೋಗ ಸಿಕ್ಕಿತೆಂದು ನಾವು ಭಾವಿಸುವಷ್ಟರಲ್ಲಿ ಅವರು ಬಸ್ಸಿಗೆ ಸೀಟು ಕಾದಿರಿಸಿದ್ದರು. ಗೊತ್ತಿಲ್ಲದ ದಾರಿಯಲ್ಲಿ ಅದು ಹೇಳಿದ್ದು ಸರಿಯೋ ತಪ್ಪೋ ಎಂದು ತಿಳಿಯುವ ಬಗೆ ಹೇಗೆ ಎಂಬ ಅವರ ತರ್ಕಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೂ ಯಂತ್ರವನ್ನು ಮನೆಯಲ್ಲಿ ಬಿಡದೆ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕುಳಿತವರು, ಅಥಣಿ ದಾಟುವ ಮೊದಲೇ ಕಂಡಕ್ಟರನನ್ನು ಕರೆದು, ಹಿಂದಿನ ಕ್ರಾಸಿನಲ್ಲಿ ಎಡಕ್ಕೆ ಹೊರಳಬೇಕಿತ್ತೆಂದು ಯಂತ್ರವು ಹೇಳುತ್ತಿರುವುದನ್ನು ಅರುಹಿದರಂತೆ.

“ಡ್ರೈವರ್ ಸಾಹೇಬ್ರು ಹತ್ತ ವರ್ಷಾತ್ರಿ ಇದ ರೂಟಿನ್ಯಾಗ ಅದಾರ,” ಎಂದನಂತೆ ಆತ, ತುಸು ಬಿರುಸಾಗಿ.

“ಹೌದೇನ್ರಿ? ಹಂಗಾರ ಛಲೋ ಆತು,” ಎಂದು ಇವರು ಕನ್ನಡಕ ಒರೆಸಿಕೊಂಡು ಯಂತ್ರವನ್ನು ನೆಟ್ಟಗೆ ಹಿಡಿದರಂತೆ, “ಇದನ್ನ ಪರೀಕ್ಷಾ ಮಾಡಾಕ ಅಂಥವರ ಬೇಕು.”