ಕಾಕಾ ಟೈರು ತಗೋತಾರಂತ

ಫೋರ್ ವೀಲ್ ಡ್ರೈವ್ ಗಾಡಿ ಇಟ್ಟವರಲ್ಲಿ ಎರಡು ಪಂಗಡ. ಟೈರು ಸವೆದರೆ ಅಂಗಡಿಗೆ ಹೋಗಿ, ಅಂಗಡಿಯವನು ಕೊಟ್ಟದ್ದನ್ನು ಹಾಕಿಸಿಕೊಂಡು, ಅಲ್ಲೇ ಒಂದು ಚಹಾ ಕುಡಿದು ಮನೆಗೆ ಬರುವವರು ಮೊದಲನೆಯವರು. ಅವರ ಬಗ್ಗೆ ಬರೆಯಲು ಏನೂ ಇಲ್ಲ, ಸುಖವಾಗಿದ್ದಾರೆ. ಎರಡನೆಯವರು ಟೈರು ಆರಿಸುವವರು. ಇವರು ಕೊಳ್ಳುವುದಿಲ್ಲ, ಕೊಳ್ಳಲು ತಯಾರಾಗುತ್ತಿರುತ್ತಾರೆ. ಇಳಕಲ್ಲಿನಲ್ಲಿ ಕಲ್ಲಿನ ಕ್ವಾರಿಯ ಕಡೆ ಇಂಥವರು ಸಿಗುತ್ತಾರೆ, ಬಾದಾಮಿಯ ಚಹಾದಂಗಡಿಯ ಮುಂದೆ ಸಿಗುತ್ತಾರೆ, ಹುನಗುಂದದ ಬಸ್ ಸ್ಟ್ಯಾಂಡಿನ ಎದುರು ಬಾನೆಟ್ಟಿಗೆ ಒರಗಿ ನಿಂತಿರುತ್ತಾರೆ. ಬಾಗಲಕೋಟೆ ನವನಗರದ ಪಾಲಿಗೆ ಬಂದವರು ನಮ್ಮ ಕಾಕಾ. ನನ್ನ ದುರ್ದೈವಕ್ಕೆ ಅವರ ಮನೆ ನಮ್ಮ ಸೆಕ್ಟರಿನಲ್ಲೇ ಇದೆ, ಕಾಂಪೌಂಡಿನ ಗೋಡೆ ಬಹಳ ಗಿಡ್ಡ ಇದೆ.

ಕಾಕಾ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರಾಗಿದ್ದವರು. ರಿಟೈರಾದ ಮೇಲೆ ಒಂದು ಹಳೇ ಥಾರ್ ಜೀಪು ಸೆಕೆಂಡ್ ಹ್ಯಾಂಡಿನಲ್ಲಿ ತಂದರು. 2020ರಲ್ಲಿ ಹೊಸ ರೂಪ ಬಂತಲ್ಲ, ಅದರ ಹಿಂದಿನದು. ಜೀಪು ಬಂದ ದಿನವೇ ಟೈರು ಸವೆದಿದ್ದವು. ಹಾಗೆಂದೇ ಸೋವಿಯಲ್ಲಿ ಸಿಕ್ಕಿತು ಎಂದು ಕಾಕಿಯ ವಾದ. ಹಾಗೆಂದೇ ತಂದೆ ಎಂದು ಕಾಕಾನ ವಾದ.

ಅದಕ್ಕೆ ಕಂಪನಿ ಹಾಕಿದ ಅಳತೆ 235/70 ಆರ್ 16. ನಾವು ನೀವು ಇದನ್ನು ಫೋನ್ ನಂಬರಿನಂತೆ ಓದಿ ಬಿಟ್ಟುಬಿಡುತ್ತೇವೆ. ಕಾಕಾ ಬಿಡಿಸಿ ಹೇಳುತ್ತಾರೆ. ಟೈರಿನ ಅಗಲ 235 ಮಿಲಿಮೀಟರು, ಬದಿಯ ಎತ್ತರ ಆ ಅಗಲದ ಶೇಕಡಾ 70, ಒಳಗಿನ ರಿಮ್ಮು 16 ಇಂಚು. “ನೋಡ ತಮ್ಮಾ, ಒಂದ ಸಾಲಿನಾಗ ಮಿಲಿಮೀಟರೂ ಐತಿ, ಪರ್ಸೆಂಟೂ ಐತಿ, ಇಂಚೂ ಐತಿ. ನನ್ನ ಹುಡುಗೂರು ಪೇಪರಿನಾಗ ಹಿಂಗ ಬರದಿದ್ರ ಸೊನ್ನಿ ಕೊಡ್ತಿದ್ದೆ.”

ಸೊನ್ನೆ ಕೊಡಲು ಆಗದ್ದರಿಂದ ಅವರು ಲೆಕ್ಕ ಮಾಡಲು ಕುಳಿತರು. ಇದರ ಬದಲು 245/75 ಹಾಕಿಸಿದರೆ ಏನಾಗುತ್ತದೆ? ಗಾಲಿಯ ಒಟ್ಟು ವ್ಯಾಸ 735 ಮಿಲಿಮೀಟರು ಇದ್ದದ್ದು 774 ಆಗುತ್ತದೆ. ಜೀಪು ನೆಲದಿಂದ 19 ಮಿಲಿಮೀಟರು ಮೇಲೇಳುತ್ತದೆ. ಸ್ಪೀಡಿನ ಮುಳ್ಳು 100 ತೋರಿಸುವಾಗ ಗಾಡಿ ನಿಜಕ್ಕೂ 105ರಲ್ಲಿ ಓಡುತ್ತಿರುತ್ತದೆ. ಇದೆಲ್ಲ ನಿಜ, ನಾನೂ ಕ್ಯಾಲ್ಕುಲೇಟರಿನಲ್ಲಿ ನೋಡಿದ್ದೇನೆ. ಆದರೆ ಕಾಕಾ 50ನೇ ನಂಬರಿನ ರಾಷ್ಟ್ರೀಯ ಹೆದ್ದಾರಿಯ ಮೇಲೂ 60 ದಾಟಿದವರಲ್ಲ. ಹುನಗುಂದದ ಹತ್ತಿರ ಕಬ್ಬಿನ ಟ್ರ್ಯಾಕ್ಟರು ಹಾರ್ನ್ ಹೊಡೆದು ನಮ್ಮನ್ನು ಹಿಂದೆ ಹಾಕಿದ್ದನ್ನು ಕಣ್ಣಾರೆ ಕಂಡವನು ನಾನು. ಅಂಥವರು ಟೈರಿನ ಬದಿಗೆ ಎಸ್ ಅಕ್ಷರ ಇರಬೇಕೋ ಟಿ ಅಕ್ಷರ ಇರಬೇಕೋ ಎಂದು ಒಂದು ಇಡೀ ಸಂಜೆ ಚಿಂತಿಸಿದರು. ಎಸ್ ಎಂದರೆ ತಾಸಿಗೆ 180 ಕಿಲೋಮೀಟರು ತಡೆಯುವಂಥದ್ದು, ಟಿ ಎಂದರೆ 190. ಇನ್ನು ಅದರ ಪಕ್ಕದ 105 ಎಂಬ ಅಂಕೆ ಭಾರದ್ದು, ಒಂದೊಂದು ಟೈರು 925 ಕಿಲೋ ಹೊರುತ್ತದೆಂದು ಅರ್ಥ. ಜೀಪಿನಲ್ಲಿ ಓಡಾಡುವುದು ಕಾಕಾ, ಕಾಕಿ, ಒಂದು ಚೀಲ ಉಳ್ಳಾಗಡ್ಡಿ.

ಮದುವೆಗೆ ಹೋದರೆ ಕಾಕಾ ಅಕ್ಷತೆಗೆ ಸಿಗುವುದಿಲ್ಲ. ಕಲ್ಯಾಣ ಮಂಟಪದ ಹೊರಗೆ, ನಿಲ್ಲಿಸಿದ ಗಾಡಿಗಳ ನಡುವೆ, ಧೋತರದ ಚುಂಗು ಎತ್ತಿ ಹಿಡಿದು ಕುಕ್ಕರುಗಾಲಿನಲ್ಲಿ ಕುಳಿತು ಪರರ ಟೈರು ಓದುತ್ತಿರುತ್ತಾರೆ. ಬದಿಯಲ್ಲಿ ನಾಲ್ಕು ಅಂಕೆಗಳ ಒಂದು ಗುರುತು ಇರುತ್ತದೆ. 2319 ಎಂದಿದ್ದರೆ ಆ ಟೈರು ತಯಾರಾದದ್ದು 2019ರ 23ನೇ ವಾರ. ಬನಶಂಕರಿ ಜಾತ್ರೆಯಲ್ಲಿ ಜನ ತೇರು ನೋಡುತ್ತಿದ್ದಾಗ ಇವರು ಯಾರದೋ ಬೊಲೆರೋದ ಜಾತಕ ನೋಡಿ, ಅದರ ಮಾಲೀಕನನ್ನು ಹುಡುಕಿ, “ನಿಮ್ಮ ಹಿಂದಿನ ಎಡಗಡೀದು ಮುಂದಿನವಕ್ಕಿಂತ ಎರಡ ವರ್ಷ ದೊಡ್ಡದೈತ್ರಿ” ಎಂದು ತಿಳಿಸಿ ಬಂದರು. ಮೊಮ್ಮಗನ ಹುಟ್ಟಿದ ದಿನವನ್ನು ಮಾತ್ರ ಪ್ರತಿ ವರ್ಷ ಕಾಕಿಯೇ ನೆನಪಿಸಬೇಕು. ಪೆಟ್ರೋಲ್ ಬಂಕಿನಲ್ಲಿ ನೈಟ್ರೋಜನ್ ಹಾಕಲೇ ಎಂದು ಕೇಳಿದ ಹುಡುಗನಿಗೆ, ದೇವರು ಪುಕ್ಕಟೆ ಕೊಟ್ಟ ಗಾಳಿಯಲ್ಲೇ ಅದು ಶೇಕಡಾ 78 ಇದೆಯೆಂದು ಪಾಠ ಮಾಡಿದ್ದು ಬೇರೆ ಕಥೆ. ಹಿಂದೆ ನಿಂತ ಆಟೋಗಳ ಹಾರ್ನಿನಲ್ಲಿ ಅರ್ಧ ಪಾಠ ನಮಗೆ ಕೇಳಿಸಲಿಲ್ಲ.

ಹಾಗೆಂದು ಕಾಕಾ ಸುಮ್ಮನೆ ತಡ ಮಾಡುತ್ತಾರೆ ಎನ್ನುವುದು ಅನ್ಯಾಯ. ತಪ್ಪು ಅರ್ಧ ನಮ್ಮ ಜಿಲ್ಲೆಯದೇ. ಒಂದು ಬೆಳಗಿನ ದಾರಿಯೊಳಗೆ ಇಲ್ಲಿ ನೆಲ ಮೂರು ಸಲ ಬಣ್ಣ ಬದಲಿಸುತ್ತದೆ. ಕೃಷ್ಣೆ, ಮಲಪ್ರಭೆಯ ದಂಡೆಗೆ ಎರೆಭೂಮಿ. ಒಂದು ಮಳೆಯಾದರೆ ಅದರ ರಾಡಿ ಟೈರಿನ ಕಚ್ಚುಗಳಲ್ಲಿ ತುಂಬಿ, ಗಾಲಿ ನುಣ್ಣಗಾಗಿ, ಗಾಡಿ ನಿಂತಲ್ಲೇ ಜಾರುತ್ತದೆ. ಅದಕ್ಕೆ ಅಗಲ ಕಚ್ಚಿನ ಮಡ್ ಟೈರೇ ಬೇಕು. ತಿರುಗಿದಂತೆ ರಾಡಿಯನ್ನು ಹೊರಗೆ ಎಸೆಯುತ್ತದೆ. ಆದರೆ ಅದೇ ಟೈರು ಡಾಂಬರಿನ ಮೇಲೆ ಹಿಟ್ಟಿನ ಗಿರಣಿಯಂತೆ ಗೊಂಯ್‌ಗುಡುತ್ತದೆ, ಬೇಗ ಸವೆಯುತ್ತದೆ, ಎಣ್ಣೆಯನ್ನೂ ಹೆಚ್ಚು ಕುಡಿಸುತ್ತದೆ. ಬಾದಾಮಿಯ ಕಡೆ ಹೋದರೆ ಕೆಂಪು ಮರಳುಗಲ್ಲು, ಅದು ಸವೆದು ಬಿದ್ದ ಸಡಿಲ ಮರಳು. ಅಲ್ಲಿ ಗಾಳಿಯನ್ನು ಅರ್ಧಕ್ಕರ್ಧ ಇಳಿಸಿ, ಟೈರನ್ನು ಚಪ್ಪಟೆ ಮಾಡಿ ಓಡಿಸಬೇಕು. ಇಳಕಲ್ಲಿಗೆ ಹೋದರೆ ಗ್ರಾನೈಟು. ಕ್ವಾರಿಯ ದಾರಿಗೆ ಬಿದ್ದ ಚಕ್ಕೆಗಳು ಟೈರಿನ ಬದಿಯನ್ನೇ ಸೀಳುತ್ತವೆ. ಗಾಳಿ ಇಳಿಸಿ ಮೆತ್ತಗಾದ ಟೈರಾದರೆ ಇನ್ನೂ ಬೇಗ. ಎರೆಗೆ ಹೊಂದಿದ್ದು ಡಾಂಬರಿಗೆ ಹೊಂದುವುದಿಲ್ಲ, ಮರಳಿನ ಉಪಾಯ ಕಲ್ಲಿನಲ್ಲಿ ಮುಳುವಾಗುತ್ತದೆ. ಎಲ್ಲಕ್ಕೂ ಸೈ ಎನ್ನುವ ಆಲ್ ಟೆರೇನ್ ಟೈರು ಇದೆಯಲ್ಲ ಎಂದರೆ ಕಾಕಾ ಕನ್ನಡಕದ ಮೇಲಿಂದ ನೋಡುತ್ತಾರೆ: “ಎಲ್ಲಾ ವಿಷಯದಾಗ 35 ತಗೊಂಡ ಹುಡುಗ ಅದು. ಪಾಸ್ ಆಗಿರ್ತೈತಿ, ಖರೆ.”

ಅದೇ ಸಂಶೋಧನೆಗೆ ಒಂದು ರವಿವಾರ ನನ್ನನ್ನೂ ಜೀಪಿನಲ್ಲಿ ಹಾಕಿಕೊಂಡು ಇಳಕಲ್ಲಿಗೆ ಹೊರಟರು. ಸೀರೆ ಕೊಡಿಸುತ್ತೇನೆ ಎಂದು ಕಾಕಿಯನ್ನು ಹೊರಡಿಸಿದ್ದರು; ನನಗೆ ಏನು ಆಸೆ ತೋರಿಸಿದರೆಂದು ಹೇಳಲು ನಾಚಿಕೆ. ಅಮೀನಗಡದ ಕರದಂಟು. ಅದನ್ನು ಹೋಗುತ್ತಲೇ ಕೊಡಿಸಿಬಿಟ್ಟರು, ಹೀಗಾಗಿ ಮುಂದೆ ಮುನಿಸಿಕೊಳ್ಳುವ ಹಕ್ಕೂ ನನಗೆ ಉಳಿಯಲಿಲ್ಲ. ಇಳಕಲ್ಲಿನಲ್ಲಿ ಕಾಕಿಯನ್ನು ಸೀರೆಯಂಗಡಿಯ ಮುಂದೆ ಇಳಿಸಿ, ಜೀಪು ಸೀದಾ ಹೋಗಿ ನಿಂತದ್ದು ಕ್ವಾರಿ ದಾರಿಯ ಒಂದು ಪಂಚರ್ ಅಂಗಡಿಗೆ. ಟೈರು ಮಾರುವವನು ಸುಳ್ಳು ಹೇಳಬಹುದು, ಪಂಚರ್ ಹಾಕುವವನು ಹೇಳುವುದಿಲ್ಲ ಎಂಬುದು ಕಾಕಾನ ಸಿದ್ಧಾಂತ.

ಅಂಗಡಿಯವನ ಬಳಿ ಒಂದು ಹಳೇ ಡಬ್ಬಿ ಇತ್ತು. ಟೈರುಗಳಿಂದ ಕಿತ್ತ ಮೊಳೆ, ಕಲ್ಲಿನ ಚಕ್ಕೆ, ಎತ್ತಿನ ಲಾಳದ ತುಂಡು ಎಲ್ಲ ಅದರಲ್ಲಿ. ಕಾಕಾ ಡಬ್ಬಿಯನ್ನು ನೆಲಕ್ಕೆ ಸುರುವಿ, ನನ್ನನ್ನು ಎದುರಿಗೆ ಕೂರಿಸಿ, ಒಂದೊಂದನ್ನೂ ಎತ್ತಿ ಕೇಳತೊಡಗಿದರು. ಇದು ಯಾವ ಕಂಪನಿಯ ಟೈರಿನಿಂದ ಬಂತು? ತಳದಿಂದಲೋ ಬದಿಯಿಂದಲೋ? ತಳಕ್ಕೆ ಚುಚ್ಚಿದರೆ ತೇಪೆ ನಿಲ್ಲುತ್ತದೆ, ಬದಿ ಹರಿದರೆ ಟೈರೇ ಹೋದಂತೆ. ಆದ್ದರಿಂದ ಎರಡನ್ನೂ ಬೇರೆ ಬೇರೆ ಗುಂಪು ಮಾಡಬೇಕು. ನಾನು ಗುಂಪು ಮಾಡಿದೆ. ಬಿಸಿಲು ಏರಿತು. ಲಾರಿಯವರು ಬಂದರು, ಹೋದರು, ಇವರೇನು ಕಳುವಿನ ತನಿಖೆಗೆ ಬಂದವರೋ ಎಂದು ನಿಂತು ನೋಡಿದರು. ಕೊನೆಗೆ ಕಾಕಾ ನೇರವಾಗಿ ಕೇಳಿಯೇಬಿಟ್ಟರು: “ನಿನ್ನ ಅನುಭವದಾಗ ಎಲ್ಲಾಕಿಂತ ಚಲೋ ಟೈರು ಯಾವುದಪಾ?”

ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಲೇ ಹೇಳಿದ: “ಎಲ್ಲಾ ಚಲೋನ ಅದಾವ್ರಿ ಮಾಸ್ತರ. ಯಾವ ಕಂಪನೀದೂ ಇಲ್ಲೀತನಕ ನನ್ನ ಉಪವಾಸ ಕೆಡವಿಲ್ಲ.”

ಕಾಕಾ ಇದನ್ನೂ ಡೈರಿಯಲ್ಲಿ ಬರೆದುಕೊಂಡರು. ಅಷ್ಟರಲ್ಲಿ ಗೋಮಿ ದಡಿಯ, ತೋಪು ತೆನಿ ಸೆರಗಿನ ಸೀರೆಯೊಂದನ್ನು ಕಂಕುಳಲ್ಲಿ ಹಿಡಿದು ಕಾಕಿ ಆಟೋದಲ್ಲಿ ಬಂದಿಳಿದರು. “ಮಗಳ ಮದುವಿ ಸೀರಿ ತಗದಾಗೂ ಒಂದ ತಾಸ ಹಿಡೀಲಿಲ್ಲ ನನಗ. ಇವ್ರು ಗಾಲಿಗೆ ಮುಹೂರ್ತ ಹುಡಕಾಕತ್ತಾರ” ಎಂದು ನನಗೆ ಹೇಳಿದರು. ಕಾಕಾನಿಗೆ ನೇರ ಹೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದೆ.

ಕೊಳ್ಳುವ ಗಳಿಗೆ ಬಂದೇ ಇಲ್ಲವೆಂದಲ್ಲ. ಒಮ್ಮೆ ಹೊರದೇಶದ ಟೈರೊಂದನ್ನು ಗಟ್ಟಿ ಮಾಡಿದ್ದರು. 2020ರ ಜೂನಿನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದಿಗೆ ನಿರ್ಬಂಧ ಹಾಕಿತು. ಪೇಪರು ಹಿಡಿದುಕೊಂಡು ಬಂದ ಕಾಕಾನ ಮುಖದಲ್ಲಿ ದುಃಖವಿತ್ತು ಎಂದು ಹೇಳಲಾರೆ; ಪರೀಕ್ಷೆ ಮುಂದೆ ಹೋದ ಹುಡುಗನ ಕಳೆ ಇತ್ತು. ಇನ್ನೊಮ್ಮೆ ನಾನೇ ರೋಸಿ, ಸದ್ಯಕ್ಕೆ ಎರಡು ಹಾಕಿಸಿರಿ, ಉಳಿದವು ಆಮೇಲೆ ಎಂದೆ. ಕಾಕಾ ಎದ್ದು ನಿಂತರು. ಫೋರ್ ವೀಲ್ ಡ್ರೈವಿನಲ್ಲಿ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಒಂದೇ ಸುತ್ತಳತೆ ಇರಬೇಕು. ಹೊಸದು ಎರಡು ಸವೆದದ್ದು ಎರಡಾದರೆ, ಲಿವರ್ ಹಾಕಿದಾಗ ಒಂದು ಜೋಡಿ ಹೆಚ್ಚು ತಿರುಗಿ, ಇನ್ನೊಂದು ಕಡಿಮೆ ತಿರುಗಿ, ನಡುವಿನ ಗೇರುಗಳು ಬಿಗಿದುಕೊಳ್ಳುತ್ತವೆ. ಸ್ಟೆಪ್ನಿಯೂ ಅದೇ ಅಳತೆಯದಾಗಬೇಕು. ಆದ್ದರಿಂದ ಐದೂ ಒಮ್ಮೆಗೇ. ಐದರ ದುಡ್ಡು ಒಮ್ಮೆಗೇ. ಐದಕ್ಕೂ ಒಂದೇ ನಿರ್ಧಾರ. ಇಷ್ಟು ಹೇಳಿ ತಾವೇ ಹೆದರಿ ಕುಳಿತರು. ಬಾಗಲಕೋಟೆಯ ಟೈರು ಅಂಗಡಿಯವನು ಕಾಕಾನ ಶಿಷ್ಯ, ಗಣಿತದಲ್ಲಿ ಅವರಿಂದಲೇ ಫೇಲಾದವನು. ಈಗಲೂ ಅವರು ಒಳಗೆ ಬಂದರೆ ಗಲ್ಲಾ ಬಿಟ್ಟು ಎದ್ದು ನಿಲ್ಲುತ್ತಾನೆ. ಹೋದ ಮೇಲೆ ನನಗೆ ಫೋನ್ ಮಾಡಿ, “ಸರ್ ಇವತ್ತೂ ಬರೇ ಪ್ರಶ್ನಿ ಕೇಳಿ ಹ್ವಾದ್ರಿ” ಎನ್ನುತ್ತಾನೆ.

ಈ ಸಹವಾಸದಲ್ಲಿ ನಾನೂ ಕೆಟ್ಟಿದ್ದೇನೆ. ನನ್ನದು ಸಣ್ಣ ಕಾರು, ಡಾಂಬರು ಬಿಟ್ಟು ಇಳಿಯದ್ದು. ಆದರೂ ಯಾರಾದರೂ ಮನೆಗೆ ಬಂದರೆ ಕಣ್ಣು ಮೊದಲು ಅವರ ಗಾಲಿಗೆ ಹೋಗುತ್ತದೆ. ಮೊನ್ನೆ ಬೀಗರು ಮಾತಾಡುತ್ತಿದ್ದಾಗ ನಾನು ಅವರ ಗಾಡಿಯ ನಾಲ್ಕು ಅಂಕೆ ಓದುತ್ತಿದ್ದೆನಂತೆ; ಮನೆಯಲ್ಲಿ ಇನ್ನೂ ಅದರ ವಿಚಾರಣೆ ನಡೆದಿದೆ.

ಇಷ್ಟಕ್ಕೂ ಕಾಕಾನಿಗೆ ನಾಲ್ಕು ಗಾಲಿಯ ಜೋರು ಯಾಕೆ ಬೇಕು? ಸಂತೆಗೂ ದವಾಖಾನೆಗೂ ಡಾಂಬರು ಇದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೆ ನೀರು ಹೊಕ್ಕಾಗಲೂ ಊರ ಜನ ನಂಬಿದ್ದು ಟ್ರ್ಯಾಕ್ಟರನ್ನು. ಈ ಪ್ರಶ್ನೆಯನ್ನು ಒಂದು ಬೇಸಿಗೆಯಲ್ಲಿ, ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿನ ದಂಡೆಯ ಮೇಲೆ ನಿಂತಾಗ ಕಾಕಾನನ್ನೇ ಕೇಳಿದೆ. ಆಲಮಟ್ಟಿ ತುಂಬಿದರೆ ನೀರು 519.60 ಮೀಟರಿಗೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಇಳಿದರೆ ಮುಳುಗಿದ ಹೊಲಗಳ ಬದುವು, ಬಾವಿಯ ಕಟ್ಟೆ, ರಸ್ತೆಯ ಅಂಚು ಒಂದೊಂದಾಗಿ ಏಳುತ್ತವೆ. ಕಾಕಾ ಕೈ ಮಾಡಿ ತೋರಿಸಿದರು. ಅದು ಅವರ ಊರಿಗೆ ಹೋಗುತ್ತಿದ್ದ ದಾರಿ. ಅದರ ಕೊನೆಗೆ ಹಣಮಪ್ಪನ ಗುಡಿಯ ಕಟ್ಟೆ, ಗುಡಿಯ ಬಲಕ್ಕೆ ಇವರ ಮನೆಯ ಪಡಸಾಲೆಯ ಕಲ್ಲು. ಮೇಲೆ ಬಿರುಕು ಬಿಟ್ಟ ಒಣ ಮಣ್ಣು ಕಂಡರೂ ಕೆಳಗೆ ಆಳುದ್ದ ಹಸಿ ರಾಡಿ. ಕಾಲಿಟ್ಟರೆ ಮೊಣಕಾಲಿಗೆ ಬರುತ್ತದೆ. “ಅಲ್ಲೀತನಕ ಹೋಗಿ ಹೊಳ್ಳಿ ಬರೂವಂಥಾ ಟೈರು ಬೇಕು ತಮ್ಮಾ. ಹ್ವಾದ್ರ ಸಾಲೂದಿಲ್ಲ, ಹೊಳ್ಳಿ ಬರಬೇಕು. ನಿಮ್ಮ ಕಾಕಿ ಒಬ್ಬಾಕಿನ ಅದಾಳ.”

ಇಷ್ಟು ದಿನ ಅವರ ಬೆನ್ನ ಹಿಂದೆ ಆಡಿದ ಮಾತುಗಳೆಲ್ಲ ನನ್ನ ಗಂಟಲಿಗೆ ಅಡ್ಡ ಬಂದವು. ಹಾಗಾದರೆ ಮಡ್ ಟೈರೇ ಗಟ್ಟಿ, ನಾಳೆಯೇ ಹಾಕಿಸೋಣ ನಡೆಯಿರಿ, ದುಡ್ಡು ಕಡಿಮೆ ಬಿದ್ದರೆ ನಾನಿದ್ದೇನೆ ಎಂದೆ. ಕಾಕಾ ಡೈರಿ ತೆಗೆದರು.

“ಹಂಗ ಗಡಿಬಿಡಿ ಮಾಡಿದ್ರ ಆಗೂದಿಲ್ಲ. ಕೃಷ್ಣಾ ನೀರಿನ ಟ್ರಿಬ್ಯುನಲ್ಲು 2010ರಾಗ ನೀರು 524.256ಕ್ಕ ಏರಸರಿ ಅಂತ ಹೇಳೈತಿ. ಏರಿತು ಅನ್ನು, ಈ ದಾರಿ ಬ್ಯಾಸಿಗ್ಯಾಗ ಏಳೂದ ಖಾತ್ರಿ ಇಲ್ಲ. ಆವಾಗ ಮಡ್ ಟೈರು ತಗೊಂಡು ಏನ್ ಮಾಡ್ಲಿ, ಹೈವೇ ಟೈರ ಸಾಕು. ಏರಲಿಲ್ಲ ಅನ್ನು, ಮಡ್ ಟೈರ ಬೇಕು. ಮ್ಯಾಟರು ಸುಪ್ರೀಂ ಕೋರ್ಟಿನಾಗ ಐತಿ. ಒಂದ ಇತ್ಯರ್ಥ ಆಗಲಿ.”

ಮನೆಗೆ ಬಂದು ಕಾಕಿಗೆ ಇದನ್ನು ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಎಷ್ಟೋ ವರ್ಷಗಳ ಮೇಲೆ ಸೀದಾ ಗಂಡನನ್ನೇ ಕೇಳಿದರು: “ಅಂದ್ರ ಮಹಾರಾಷ್ಟ್ರ, ತೆಲಂಗಾಣ, ಆಂಧ್ರ, ನಾವು, ನಾಕೂ ಮಂದಿ ಜಗಳ ಮುಗಿಯೂತನಕ ಈ ಬೋಳು ಟೈರಿನ ಮ್ಯಾಲ ನನ್ನ ಅಡ್ಡಾಡಸ್ತೀರಿ?”

“ಬೋಳು ಅನಬ್ಯಾಡ,” ಕಾಕಾ ಅಂಗಳಕ್ಕೆ ಹೋಗಿ ಕಚ್ಚಿನೊಳಗೆ ಸ್ಕೇಲ್ ಪಟ್ಟಿ ಇಳಿಸಿ ನೋಡಿ ಅಲ್ಲಿಂದಲೇ ಕೂಗಿದರು. “ಕಾಯ್ದೆ ಪ್ರಕಾರ 1.6 ಮಿಲಿಮೀಟರ್ ಇದ್ರ ಸಾಕು. ಇನ್ನೂ 2 ಐತಿ.”